ನಿಘಂಟುಕಾರ ಡಾ. ಜಾನ್ಸನ್

ಕನ್ನಡವನ್ನು ನಾವು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷ್ ಭಾಷೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಒಂದೇ ಧ್ವನಿಗೆ ಹಲವು ಅಕ್ಷರಗಳುಂಟು. ಒಂದೇ ಅಕ್ಷರಕ್ಕೆ ಹಲವು ಧ್ವನಿಗಳುಂಟು. ಬರೆದೂ ಉಚ್ಚರಿಸದ ಅಕ್ಷರಗಳೂ ಉಂಟು. ಆದುದರಿಂದ ಆ ಭಾಷೆಯನ್ನು ಕಲಿಯುವವರಿಗೆ ಪದಗಳ ಕಾಗುಣಿತವೇ ಮೊದಲ ತೊಡಕಾಗುತ್ತದೆ. ಆ ಭಾಷೆಯನ್ನು ತಾಯಿಯ ಮಡಿಲಿನಲ್ಲಿಯೇ ಕಲಿತವರು ಕೂಡ ಕೆಲವು ಪದಗಳಲ್ಲಿ ಎಡವುತ್ತಾರೆ.

‘ಸೂಪರ್‌ಸೀಡ್’ ಎಂಬ ಕ್ರಿಯಾಪದವು ಅಂತಹ ಪದಗಳಲ್ಲಿ ಒಂದು. ಹಿಂದಿನದನ್ನು ಬದಿಗಿರಿಸಿ ಅದರ ಸ್ಥಾನದಲ್ಲಿ ನೆಲೆಗೊಳ್ಳುವುದು ಎಂಬುದು ಅದರ ಇಂದಿನ ಅರ್ಥ. ಹೊಸ ಆಜ್ಞೆಯು ಹಳೆಯ ಆಜ್ಞೆಯನ್ನು ರದ್ದುಗೊಳಿಸಿ ಜಾರಿಗೆ ಬಂದಾಗ ಈ ಪದವನ್ನು ಬಳಸುತ್ತಾರೆ. ಸರ್ಕಾರವು ಒಂದು ಪುರಸಭೆಯನ್ನು ಬದಿಗೊತ್ತಿ ಆಡಳಿತಾಧಿಕಾರಿಯನ್ನು ನೇಮಿಸಿದರೆ ಕನ್ನಡ ಪತ್ರಿಕೆಗಳಲ್ಲಿಯೂ ಇದೇ ಪದ ಕಾಣಿಸಿಕೊಳ್ಳುವುದುಂಟು. ಆದರೆ ಇದರ ಕೊನೆಯ ಭಾಗವನ್ನು ‘ಸಿ’ ಅಕ್ಷರದಿಂದ ಬರೆಯಬೇಕೋ ‘ಎಸ್’ ಅಕ್ಷರದಿಂದ ಬರೆಯಬೇಕೋ ಎಂಬಲ್ಲಿ ವಿದ್ವಾಂಸರೂ ತಡವರಿಸುತ್ತಾರೆ. ಪ್ರಿಸೀಡ್, ಕನ್ಸೀಡ್, ಇಂಟರ್‌ಸೀಡ್ ಎಂಬ ಪದಗಳನ್ನೆಲ್ಲ ‘ಸಿ’ಯಿಂದಲೇ ಬರೆಯುವುದರಿಂದ ಇದನ್ನೂ ಹಾಗೆಯೇ ಬರೆದುಬಿಡುತ್ತಾರೆ. ಅದು ತಪ್ಪು; ‘ಎಸ್’ ಅಕ್ಷರವೇ ಸರಿ.

ಏಕೆ ಸರಿ ಎಂಬ ಪ್ರಶ್ನೆಗೆ ಉತ್ತರವು ಪದದ ಮೂಲದಲ್ಲಿದೆ. ಇಂತಹ ಪ್ರಶ್ನೆಗಳನ್ನು ನಲವತ್ತೆರಡು ಸಾವಿರಕ್ಕೂ ಮಿಕ್ಕ ಪದಗಳ ವಿಷಯದಲ್ಲಿ ಕೇಳಿಕೊಂಡು, ಬಡತನ, ರೋಗ, ಶೋಕಗಳ ನಡುವೆ ಉತ್ತರಗಳನ್ನು ಅರಸಿದ ಮಹಾವಿದ್ವಾಂಸನೇ ಡಾ. ಸ್ಯಾಮ್ಯುಯೆಲ್ ಜಾನ್ಸನ್.

ಜಾನ್ಸನ್ನನು 1709ರ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಮೈಕೇಲ್ ಜಾನ್ಸನ್ ಪುಸ್ತಕ ವ್ಯಾಪಾರಿ, ತಾಯಿ ಸಾರಾ. ಮಗುವಿಗೆ ಶೈಶವದಲ್ಲಿಯೇ ಗಂಡಮಾಲೆ ರೋಗ ತಗುಲಿತು. ರಾಜರ ಹಸ್ತಸ್ಪರ್ಶದಿಂದ ಆ ರೋಗ ಗುಣವಾಗುವುದೆಂದು ಅಂದಿನ ಜನರ ನಂಬಿಕೆ. 1712ರಲ್ಲಿ ತಾಯಿ ಮಗುವನ್ನು ಲಂಡನ್ನಿಗೆ ಕರೆದೊಯ್ದು ಆನ್ ರಾಣಿಯ ಕೈಯಿಂದ ಮುಟ್ಟಿಸಿದಳು. ಅದರಿಂದ ಫಲವೇನೂ ಆಗಲಿಲ್ಲ. ರೋಗವು ಮುಖದ ಮೇಲೆ ಕಲೆಗಳನ್ನು ಉಳಿಸಿತು. ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಅಪಹರಿಸಿತು. ಆದರೆ ಉಳಿದ ಒಂದು ಕಣ್ಣಿಗೆ ತಂದೆಯ ಅಂಗಡಿಯಲ್ಲಿ ಬೇಕಾದಷ್ಟು ಆಹಾರವಿತ್ತು. ಬಾಲಕನು ಅಲ್ಲಿದ್ದ ಲ್ಯಾಟಿನ್, ಇಂಗ್ಲಿಷ್ ಗ್ರಂಥಗಳನ್ನು ಕೈಗೆ ಸಿಕ್ಕಿದಂತೆ ಓದಿದನು. ಮುಂದೆ ಆತನು ಪದಗಳ ಮೂಲವನ್ನು ಹುಡುಕಿ ಹೊರಟಾಗ ಬಾಲ್ಯದ ಈ ಲ್ಯಾಟಿನ್ ಪಾಂಡಿತ್ಯವೇ ಕೈದೀವಿಗೆಯಾಯಿತು.

1728ರಲ್ಲಿ ಜಾನ್ಸನ್ನನು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ವಿದ್ಯೆಯಲ್ಲಿ ಆತನು ಸಹಪಾಠಿಗಳನ್ನು ಮೀರಿಸಿದ್ದರೂ ಬಡತನವು ಆತನನ್ನು ಬಿಡಲಿಲ್ಲ. ಪಾದರಕ್ಷೆಗಳು ಸವೆದು ಬೆರಳುಗಳು ಹೊರಗೆ ಕಾಣುತ್ತಿದ್ದವು. ಇದನ್ನು ಕಂಡು ಮರುಗಿದ ಯಾರೋ ಒಬ್ಬರು ಒಂದು ಜೊತೆ ಹೊಸ ಪಾದರಕ್ಷೆಗಳನ್ನು ಆತನ ಕೋಣೆಯ ಬಾಗಿಲಲ್ಲಿ ಇರಿಸಿ ಹೋದರು. ಸ್ವಾಭಿಮಾನಿಯಾದ ಜಾನ್ಸನ್ನನು ಅವನ್ನು ಎತ್ತಿ ಎಸೆದನು. ಸುಮಾರು ಹದಿಮೂರು ತಿಂಗಳು ಕಳೆಯುವಷ್ಟರಲ್ಲಿ ಹಣವಿಲ್ಲದೆ, ಪದವಿಯನ್ನು ಪಡೆಯದೆ ಆತನು ಆಕ್ಸ್‌ಫರ್ಡನ್ನು ಬಿಡಬೇಕಾಯಿತು. 1731ರಲ್ಲಿ ತಂದೆಯೂ ತೀರಿಕೊಂಡನು.

1735ರಲ್ಲಿ ಜಾನ್ಸನ್ನನು ತನಗಿಂತ ಇಪ್ಪತ್ತು ವರ್ಷ ಹಿರಿಯಳಾದ ಎಲಿಜಬೆತ್ ಪೋರ್ಟರ್ ಎಂಬ ವಿಧವೆಯನ್ನು ಮದುವೆಯಾದನು. ಆಕೆಯ ಹಣದಿಂದ ಲಿಚ್‌ಫೀಲ್ಡಿನ ಬಳಿ ಒಂದು ಶಾಲೆಯನ್ನು ತೆರೆದನು. ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳು ಮಾತ್ರ ಬಂದರು. ಮುಂದೆ ಮಹಾನಟನೆಂದು ಹೆಸರಾದ ಡೇವಿಡ್ ಗ್ಯಾರಿಕ್ ಅವರಲ್ಲಿ ಒಬ್ಬ. ಶಾಲೆಯು ಮುಚ್ಚಿತು. 1737ರಲ್ಲಿ ಗುರುಶಿಷ್ಯರಿಬ್ಬರೂ ಅದೃಷ್ಟವನ್ನು ಅರಸುತ್ತ ಲಂಡನ್ನಿಗೆ ಹೊರಟರು. ಅಲ್ಲಿ ಜಾನ್ಸನ್ನನು ಪತ್ರಿಕೆಯೊಂದಕ್ಕೆ ಲೇಖನಗಳನ್ನು ಬರೆದು, ಅನುವಾದಗಳನ್ನು ಮಾಡಿ ಹೇಗೋ ಹೊಟ್ಟೆ ಹೊರೆದನು.

ಆ ಕಾಲದಲ್ಲಿ ಇಂಗ್ಲಿಷ್ ಭಾಷೆಗೆ ಸರ್ವಮಾನ್ಯವಾದ ನಿಘಂಟು ಇರಲಿಲ್ಲ. ಇಟಲಿಯ ವಿದ್ವತ್ಪರಿಷತ್ತು 1612ರಲ್ಲಿಯೇ ತನ್ನ ಭಾಷೆಗೆ ನಿಘಂಟನ್ನು ಒದಗಿಸಿತ್ತು. ಫ್ರೆಂಚ್ ಅಕಾಡೆಮಿಯ ನಲವತ್ತು ಸದಸ್ಯರು ದಶಕಗಳ ಕಾಲ ಶ್ರಮಿಸಿ 1694ರಲ್ಲಿ ತಮ್ಮ ನಿಘಂಟನ್ನು ಹೊರತಂದಿದ್ದರು. ಇಂಗ್ಲೆಂಡಿನಲ್ಲಿ ನೇಥನ್ ಬೇಲಿ ಮೊದಲಾದವರ ನಿಘಂಟುಗಳು ಇದ್ದುವಾದರೂ ಪದಗಳ ಅರ್ಥಚ್ಛಾಯೆಗಳನ್ನು ಅವು ಸಮರ್ಪಕವಾಗಿ ವಿವರಿಸುತ್ತಿರಲಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆಯುತ್ತಿದ್ದರು. ಸರಿ ಯಾವುದು, ತಪ್ಪು ಯಾವುದು ಎಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲು ಲಂಡನ್ನಿನ ಕೆಲವು ಪುಸ್ತಕ ಪ್ರಕಾಶಕರು ಒಂದುಗೂಡಿ 1746ರಲ್ಲಿ ಜಾನ್ಸನ್ನನೊಡನೆ ಒಪ್ಪಂದ ಮಾಡಿಕೊಂಡರು. ಸಂಭಾವನೆ 1,575 ಪೌಂಡುಗಳು. ಸಹಾಯಕರ ವೇತನವನ್ನೂ ಕಾಗದದ ವೆಚ್ಚವನ್ನೂ ಆತನೇ ಅದರಲ್ಲಿ ಭರಿಸಬೇಕಾಗಿತ್ತು. ಮೂರು ವರ್ಷಗಳಲ್ಲಿ ಕೆಲಸವನ್ನು ಮುಗಿಸುವುದಾಗಿ ಜಾನ್ಸನ್ನನು ಮಾತು ಕೊಟ್ಟನು. ನಲವತ್ತು ಮಂದಿ ಫ್ರೆಂಚರು ಅಷ್ಟು ಕಾಲ ಮಾಡಿದ ಕೆಲಸವನ್ನು ಒಬ್ಬನೇ ಮೂರು ವರ್ಷಗಳಲ್ಲಿ ಮಾಡುವುದು ಹೇಗೆ ಎಂದು ಮಿತ್ರನೊಬ್ಬನು ಕೇಳಿದಾಗ, ಫ್ರೆಂಚನಿಗೂ ಇಂಗ್ಲಿಷನಿಗೂ ಇರುವ ಪ್ರಮಾಣವೇ ಅದು ಎಂದು ಆತನು ಹಾಸ್ಯ ಮಾಡಿದನಂತೆ. ಕೆಲಸ ಮುಗಿಯುವ ಹೊತ್ತಿಗೆ ಒಂಬತ್ತು ವರ್ಷಗಳು ಸಮೀಪಿಸಿದ್ದವು.

ಗಫ್ ಸ್ಕ್ವೇರಿನ 17ನೆಯ ಸಂಖ್ಯೆಯ ಮನೆಯ ಅಟ್ಟವೇ ಜಾನ್ಸನ್ನನ ಕಾರ್ಯಾಲಯ. ಅಲ್ಲಿ ಆರು ಮಂದಿ ಸಹಾಯಕರು ಕುಳಿತು ನಕಲು ಮಾಡುತ್ತಿದ್ದರು. ಜಾನ್ಸನ್ನನು ಉತ್ತಮ ಲೇಖಕರ ಗ್ರಂಥಗಳನ್ನು ಓದುತ್ತ, ಒಂದು ಪದವು ಸೊಗಸಾಗಿ ಅಥವಾ ಸ್ಪಷ್ಟವಾಗಿ ಪ್ರಯೋಗವಾಗಿರುವ ವಾಕ್ಯ ಕಂಡೊಡನೆ ಪದದ ಕೆಳಗೆ ಗೆರೆ ಎಳೆದು, ಅದರ ಮೊದಲ ಅಕ್ಷರವನ್ನು ಪುಟದ ಅಂಚಿನಲ್ಲಿ ಗುರುತಿಸುತ್ತಿದ್ದನು. ಸಹಾಯಕರು ಆ ವಾಕ್ಯಗಳನ್ನು ಕಾಗದದ ಚೀಟಿಗಳ ಮೇಲೆ ಬರೆದು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಬಳಿಕ ಜಾನ್ಸನ್ನನು ಪ್ರತಿಯೊಂದು ಪದಕ್ಕೂ ಮೂಲವನ್ನು ನಿರ್ದೇಶಿಸಿ, ಅರ್ಥಗಳನ್ನು ಕ್ರಮವಾಗಿ ವಿಂಗಡಿಸಿ, ಪ್ರಯೋಗಗಳನ್ನು ಅವುಗಳ ಕೆಳಗೆ ಹೊಂದಿಸುತ್ತಿದ್ದನು. ಪದದ ಅರ್ಥವನ್ನು ತನ್ನ ಇಚ್ಛೆಯಂತೆ ಹೇಳದೆ ಪ್ರಯೋಗಗಳ ಸಾಕ್ಷ್ಯದಿಂದ ಸ್ಥಾಪಿಸಬೇಕೆಂಬುದೇ ಈ ಶ್ರಮದ ಉದ್ದೇಶ. ಆತನಿಗೆ ಪುಸ್ತಕಗಳನ್ನು ಎರವಲು ಕೊಟ್ಟವರಿಗೆ ಅವು ಮರಳಿ ಬಂದಾಗ ಗೆರೆಗಳಿಂದ ತುಂಬಿರುತ್ತಿದ್ದವು.

ಈ ವಿಧಾನದಿಂದ ನೋಡಿದಾಗ ‘ಸೂಪರ್‌ಸೀಡ್’ ಪದದ ಗುಟ್ಟು ತಾನಾಗಿಯೇ ಹೊರಬೀಳುತ್ತದೆ. ಪ್ರಿಸೀಡ್, ಕನ್ಸೀಡ್, ಇಂಟರ್‌ಸೀಡ್ ಎಂಬ ಪದಗಳ ಮೂಲವು ‘ಸಿ’ ಅಕ್ಷರದಿಂದ ಆರಂಭವಾಗುವ ಒಂದು ಲ್ಯಾಟಿನ್ ಧಾತು. ಹೋಗು, ಬಿಟ್ಟುಕೊಡು ಎಂದು ಅದರ ಅರ್ಥ. ಆದುದರಿಂದಲೇ ಪ್ರಿಸೀಡ್ ಎಂದರೆ ಮುಂದಾಗಿ ಹೋಗು; ಕನ್ಸೀಡ್ ಎಂದರೆ ಬಿಟ್ಟುಕೊಡು; ಇಂಟರ್‌ಸೀಡ್ ಎಂದರೆ ಇಬ್ಬರ ನಡುವೆ ಹೋಗಿ ಮಾತನಾಡು. ಸೂಪರ್‌ಸೀಡ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದರ ಧಾತು ‘ಎಸ್’ ಅಕ್ಷರದಿಂದ ಆರಂಭವಾಗುವ ‘ಸೆದೇರೆ’. ಅದರ ಅರ್ಥ ಕುಳಿತುಕೊಳ್ಳು. ‘ಸೂಪರ್’ ಎಂದರೆ ಮೇಲೆ. ಎರಡೂ ಸೇರಿ ಮೇಲೆ ಕುಳಿತುಕೊಳ್ಳು ಎಂದಾಯಿತು. ಮೇಲೆ ಕುಳಿತವನು ಕೆಳಗಿನ ಕೆಲಸಕ್ಕೆ ಕೈಹಾಕುವುದಿಲ್ಲವಾದ್ದರಿಂದ ಲ್ಯಾಟಿನ್ನಿನಲ್ಲಿ ಅದಕ್ಕೆ ಕಾರ್ಯದಿಂದ ದೂರವಿರು ಎಂಬ ಅರ್ಥವೂ ಇತ್ತು. ನ್ಯಾಯಾಲಯದ ನಡವಳಿಯನ್ನು ತಡೆಹಿಡಿಯುವ ಒಂದು ಬಗೆಯ ಆಜ್ಞಾಪತ್ರಕ್ಕೆ ಇಂಗ್ಲೆಂಡಿನ ಕಾನೂನಿನಲ್ಲಿ ಇದೇ ಧಾತುವಿನಿಂದ ಹೆಸರು ಬಂದಿತು. ಕಾಲಕ್ರಮದಲ್ಲಿ ತಡೆ ಎಂಬ ಅರ್ಥವು ಬದಿಗಿರಿಸು ಎಂದಾಗಿ, ಕೊನೆಗೆ ಮತ್ತೊಂದರ ಸ್ಥಾನವನ್ನು ಪಡೆ ಎಂದಾಯಿತು.

ಜಾನ್ಸನ್ನನು ತನ್ನ ನಿಘಂಟಿನಲ್ಲಿ ಈ ಕ್ರಿಯಾಪದವನ್ನು ‘ಎಸ್’ ಅಕ್ಷರದಿಂದಲೇ ಬರೆದು, ಕುಳಿತುಕೊಳ್ಳು ಎಂಬರ್ಥದ ಧಾತುವನ್ನು ಅದರ ಮುಂದೆ ನಿರ್ದೇಶಿಸಿದನು. ಹೆಚ್ಚಿನ ಶಕ್ತಿಯಿಂದ ಒಂದನ್ನು ನಿಷ್ಫಲಗೊಳಿಸುವುದು, ಬದಿಗಿರಿಸುವುದು ಎಂದು ಅರ್ಥ ನೀಡಿದನು. ಈ ಅರ್ಥವನ್ನೂ ಧಾತುವನ್ನೂ ಒಮ್ಮೆ ತಿಳಿದವನು ಆ ಅಕ್ಷರವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಆದರೆ ಎಲ್ಲ ಪದಗಳೂ ಇಷ್ಟು ಸುಲಭವಾಗಿ ವಶವಾಗಲಿಲ್ಲ. ದಿನಬಳಕೆಯ ಪುಟ್ಟ ಕ್ರಿಯಾಪದಗಳೇ ಜಾನ್ಸನ್ನನನ್ನು ಹೆಚ್ಚಾಗಿ ಕಾಡಿದವು. ತೆಗೆದುಕೊಳ್ಳು ಎಂಬರ್ಥದ ‘ಟೇಕ್’ ಎಂಬ ಒಂದೇ ಪದಕ್ಕೆ ಆತನು 134 ಅರ್ಥಗಳನ್ನು ವಿಂಗಡಿಸಬೇಕಾಯಿತು. ಕಾಗುಣಿತದಲ್ಲಿಯೂ ಮೂಲವು ಒಂದು ಕಡೆಗೆ, ರೂಢಿಯು ಇನ್ನೊಂದು ಕಡೆಗೆ ಎಳೆಯುತ್ತಿದ್ದವು. ‘ಡಿಸೀಟ್’, ‘ರಿಸೀಟ್’ ಎಂಬ ಎರಡು ಪದಗಳು ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಎರಡನೆಯದರಲ್ಲಿ ಮಾತ್ರ ಉಚ್ಚರಿಸದ ‘ಪಿ’ ಅಕ್ಷರವನ್ನು ಬರೆಯುವ ರೂಢಿ ನೆಲೆಯೂರಿತ್ತು. ನೆಲೆಯೂರಿದ ರೂಢಿಯನ್ನು ಅಲುಗಿಸುವುದರಿಂದ ಲಾಭಕ್ಕಿಂತ ಗೊಂದಲವೇ ಹೆಚ್ಚೆಂದು ಬಗೆದು ಜಾನ್ಸನ್ನನು ಅದನ್ನು ಹಾಗೆಯೇ ಉಳಿಸಿದನು. ಇಂದಿಗೂ ಆ ‘ಪಿ’ ಅಲ್ಲಿಯೇ ಇದೆ.

ನಿಘಂಟಿನ ಹಣ ಸಾಲದೆ ಜಾನ್ಸನ್ನನು 1750ರಿಂದ 1752ರವರೆಗೆ ವಾರಕ್ಕೆರಡು ಬಾರಿ ‘ರ‍್ಯಾಂಬ್ಲರ್’ ಎಂಬ ಪತ್ರಿಕೆಯನ್ನು ಬರೆದನು. 1752ರ ಮಾರ್ಚಿಯಲ್ಲಿ ಪತ್ನಿಯು ಮರಣ ಹೊಂದಿದಳು. ಆತನ ಗೆಲುವನ್ನು ಕಂಡು ಹಿಗ್ಗಬೇಕಾಗಿದ್ದ ಜೀವವೇ ಇಲ್ಲವಾಯಿತು. ದುಃಖದಿಂದ ಕುಗ್ಗಿದರೂ ಕೈಹಿಡಿದ ಕಾರ್ಯವನ್ನು ಆತನು ಬಿಡಲಿಲ್ಲ.

ಈ ಕಷ್ಟದ ದಿನಗಳಲ್ಲಿ ನೆರವಾಗಬಹುದಾಗಿದ್ದವನು ಚೆಸ್ಟರ್‌ಫೀಲ್ಡ್ ಪ್ರಭು. 1747ರಲ್ಲಿ ಜಾನ್ಸನ್ನನು ನಿಘಂಟಿನ ಯೋಜನೆಯನ್ನು ಅಚ್ಚು ಹಾಕಿಸಿ ಅವನಿಗೆ ಅರ್ಪಿಸಿದ್ದನು. ಪ್ರಭುವು ಹತ್ತು ಪೌಂಡುಗಳನ್ನು ಕೊಟ್ಟು ಸುಮ್ಮನಾದನು. ಅವನ ಹೊರಕೋಣೆಯಲ್ಲಿ ಕಾದು ಕಾದು ಬೇಸತ್ತು ಜಾನ್ಸನ್ನನು ಹಿಂದಿರುಗಿದನು. ಏಳು ವರ್ಷಗಳ ಬಳಿಕ, ಗ್ರಂಥವು ಪ್ರಕಟವಾಗುವ ಸುದ್ದಿ ತಿಳಿದೊಡನೆ, ಪ್ರಭುವು ಅದನ್ನು ಹೊಗಳಿ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಬರೆದನು. 1755ರ ಫೆಬ್ರವರಿಯಲ್ಲಿ ಜಾನ್ಸನ್ನನು ಅವನಿಗೊಂದು ಪತ್ರ ಬರೆದು, ನೀರಿನಲ್ಲಿ ಮುಳುಗುತ್ತಿರುವವನನ್ನು ನೋಡುತ್ತ ನಿಂತು ಅವನು ದಡ ಸೇರಿದ ಮೇಲೆ ಸಹಾಯಕ್ಕೆ ಬರುವವನು ಪೋಷಕನೇ ಎಂದು ವಿನಯದ ಮಾತುಗಳಲ್ಲಿಯೇ ತೀಕ್ಷ್ಣವಾಗಿ ಪ್ರಶ್ನಿಸಿದನು. ಹಿಂದೆ ಪಾದರಕ್ಷೆಗಳನ್ನು ಎಸೆದ ಸ್ವಾಭಿಮಾನವು ಬಡತನದಲ್ಲಿ ಬಾಗಿರಲಿಲ್ಲ.

1755ರ ಏಪ್ರಿಲ್ 15ರಂದು ನಿಘಂಟು ಎರಡು ಬೃಹತ್ ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ 42,773 ಪದಗಳೂ ಸುಮಾರು 1,14,000 ಪ್ರಯೋಗ ವಾಕ್ಯಗಳೂ ಇದ್ದವು. ಪದವಿಯಿಲ್ಲದೆ ಹೊರನಡೆದಿದ್ದವನಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಗ್ರಂಥದ ಪ್ರಕಟಣೆಗೆ ಮುನ್ನವೇ ಎಂ.ಎ. ಪದವಿಯನ್ನಿತ್ತು ಗೌರವಿಸಿತು. 1765ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಡಾಕ್ಟರ್ ಪದವಿಯನ್ನು ನೀಡಿತು.

ಲೋಕದ ತಪ್ಪುಗಳನ್ನು ತಿದ್ದಲು ಹೊರಟ ಜಾನ್ಸನ್ನನು ತನ್ನ ತಪ್ಪುಗಳನ್ನು ಮರೆಮಾಚಲಿಲ್ಲ. ಕುದುರೆಯ ಗೊರಸಿನ ಮೇಲಿನ ಭಾಗದ ಹೆಸರಿಗೆ ಆತನು ಕುದುರೆಯ ಮೊಣಕಾಲು ಎಂದು ಅರ್ಥ ಬರೆದಿದ್ದನು. ಹೀಗೇಕೆ ಬರೆದಿರಿ ಎಂದು ಮಹಿಳೆಯೊಬ್ಬಳು ಕೇಳಿದಾಗ ಯಾವ ನೆಪವನ್ನೂ ಹೇಳದೆ, ಅದಕ್ಕೆ ತನ್ನ ಶುದ್ಧ ಅಜ್ಞಾನವೇ ಕಾರಣ ಎಂದು ಒಪ್ಪಿಕೊಂಡನು. ಭಾಷೆಯನ್ನು ಬದಲಾಗದಂತೆ ಕಟ್ಟಿಹಾಕಬಹುದೆಂಬ ಆಸೆಯಿಂದ ಕೆಲಸಕ್ಕೆ ತೊಡಗಿದ್ದನು. ಆದರೆ ಬದುಕಿರುವ ಭಾಷೆಯನ್ನು ಯಾವ ನಿಘಂಟುಕಾರನೂ ನಿಲ್ಲಿಸಲಾರನೆಂಬುದನ್ನು ಗ್ರಂಥದ ಮುನ್ನುಡಿಯಲ್ಲಿ ತಾನೇ ಬರೆದನು. 1773ರ ನಾಲ್ಕನೆಯ ಆವೃತ್ತಿಗಾಗಿ ಗ್ರಂಥವನ್ನು ಮತ್ತೆ ತಿದ್ದಿದನು.

ಕೀರ್ತಿಯು ಬಂದರೂ ಸಿರಿಯು ಬರಲಿಲ್ಲ. ಮರುವರ್ಷವೇ ಆರು ಪೌಂಡುಗಳಿಗೂ ಕಡಿಮೆಯಾದ ಸಾಲಕ್ಕಾಗಿ ಆತನನ್ನು ಬಂಧಿಸಿದರು. ಕಾದಂಬರಿಕಾರ ರಿಚರ್ಡ್‌ಸನ್ನನು ಹಣ ಕಳುಹಿಸಿ ಬಿಡಿಸಿದನು. 1759ರಲ್ಲಿ ತಾಯಿ ತೀರಿಕೊಂಡಾಗ ಆಕೆಯ ಅಂತ್ಯಕ್ರಿಯೆಯ ವೆಚ್ಚಕ್ಕಾಗಿ ‘ರಾಸೆಲಾಸ್’ ಎಂಬ ಕಥೆಯನ್ನು ಒಂದೇ ವಾರದ ಸಂಜೆಗಳಲ್ಲಿ ಬರೆದನು. 1762ರಲ್ಲಿ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 300 ಪೌಂಡುಗಳ ವೇತನವನ್ನು ಗೊತ್ತುಮಾಡಿದ ಮೇಲೆ ಬಡತನವು ಅಳಿಯಿತು. ಆ ಹಣದಲ್ಲಿ ಬಹುಭಾಗ ದೀನರ ಪಾಲಾಯಿತು. ಕುರುಡಿಯಾದ ಕವಯಿತ್ರಿ ಆನಾ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ಲೆವೆಟ್ ಮೊದಲಾದವರು ಆತನ ಮನೆಯಲ್ಲಿಯೇ ಆಶ್ರಯ ಪಡೆದಿದ್ದರು. ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರನಿಗೆ ಆತನು ವಿದ್ಯೆ ಕೊಡಿಸಿದನು. ಕೊನೆಗೆ ತನ್ನ ಆಸ್ತಿಯ ಬಹುಭಾಗವನ್ನು ಅವನಿಗೇ ಬಿಟ್ಟನು.

ಜಾನ್ಸನ್ನನು ಯೌವನದಲ್ಲಿ ಒಮ್ಮೆ, ಯುಟಾಕ್ಸಿಟರ್ ಎಂಬ ಊರಿನ ಸಂತೆಯಲ್ಲಿ ಪುಸ್ತಕದ ಅಂಗಡಿಯನ್ನು ನೋಡಿಕೊಳ್ಳಲು ಹೋಗೆಂದು ಕಾಯಿಲೆಯ ತಂದೆ ಹೇಳಿದಾಗ, ಗರ್ವದಿಂದ ಒಲ್ಲೆನೆಂದಿದ್ದನು. ಆ ತಪ್ಪು ಮುಪ್ಪಿನವರೆಗೂ ಆತನ ಮನಸ್ಸನ್ನು ಕೊರೆಯಿತು. ಸುಮಾರು ಐವತ್ತು ವರ್ಷಗಳ ತರುವಾಯ ಆತನು ಅದೇ ಸಂತೆಗೆ ಹೋಗಿ, ಅಂಗಡಿಯಿದ್ದ ಸ್ಥಳದಲ್ಲಿ ಬರಿದಲೆಯಲ್ಲಿ ಮಳೆಗೆ ಮೈಯೊಡ್ಡಿ ಬಹಳ ಹೊತ್ತು ನಿಂತು ಪ್ರಾಯಶ್ಚಿತ್ತ ಮಾಡಿಕೊಂಡನು. ಪುಸ್ತಕದ ತಪ್ಪನ್ನು ಒಪ್ಪಿಕೊಂಡಂತೆಯೇ ಬಾಳಿನ ತಪ್ಪನ್ನೂ ಒಪ್ಪಿಕೊಂಡನು.

1784ರ ಡಿಸೆಂಬರ್ 13ರಂದು ಜಾನ್ಸನ್ನನು ಕಾಲವಾದನು. ಆತನ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶಿಷ್ಯ ಗ್ಯಾರಿಕ್ಕನ ಸಮಾಧಿಯ ಸಮೀಪದಲ್ಲಿ ಹುಗಿದರು.

ಜಾನ್ಸನ್ನನ ಗೆಳೆಯರ ಕೂಟದ ಸದಸ್ಯನಾಗಿದ್ದ ವಿಲಿಯಂ ಜೋನ್ಸ್ ಎಂಬ ವಿದ್ವಾಂಸನು ಆ ವೇಳೆಗೆ ನ್ಯಾಯಾಧೀಶನಾಗಿ ಕಲ್ಕತ್ತೆಗೆ ಬಂದಿದ್ದನು. 1786ರಲ್ಲಿ ಅವನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದನು. ಮುಂದೆ ವಿದ್ವಾಂಸರು ಅದನ್ನು ಸ್ಥಿರಪಡಿಸಿದರು. ಲ್ಯಾಟಿನ್ನಿನ ‘ಸೆದೇರೆ’ಯೂ ಸಂಸ್ಕೃತದ ‘ಸದ್’ ಧಾತುವೂ ಒಡಹುಟ್ಟಿದವು. ಎರಡರ ಅರ್ಥವೂ ಕುಳಿತುಕೊಳ್ಳು ಎಂದೇ. ನಾವು ನಿತ್ಯವೂ ಬಳಸುವ ಸದನ, ಸದಸ್ಯ, ಪರಿಷತ್ತು, ಉಪನಿಷತ್ತು ಎಂಬ ಪದಗಳಲ್ಲಿ ಇರುವುದು ಈ ಧಾತುವೇ. ಸದನದಲ್ಲಿ ಕುಳಿತವನು ಸದಸ್ಯ ಎಂಬುದನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ, ಮೇಲೆ ಕುಳಿತುಕೊಳ್ಳು ಎಂಬ ಮೂಲಾರ್ಥದ ಸೂಪರ್‌ಸೀಡ್ ಪದದಲ್ಲಿ ‘ಎಸ್’ ಅಕ್ಷರವೇ ಏಕಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಜಾನ್ಸನ್ನನ ನಿಘಂಟು ನೂರು ವರ್ಷಗಳಿಗೂ ಮಿಕ್ಕು ಇಂಗ್ಲಿಷ್ ಭಾಷೆಗೆ ಪ್ರಮಾಣಗ್ರಂಥವಾಗಿತ್ತು. 1884ರಿಂದ ಕಂತುಗಳಲ್ಲಿ ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟು ಅದನ್ನು ಬದಿಗಿರಿಸಿ ಆ ಸ್ಥಾನದಲ್ಲಿ ಕುಳಿತಿತು. ಸೂಪರ್‌ಸೀಡ್ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೂ ಆ ಹೊಸ ನಿಘಂಟಿನ ಸಂಪಾದಕರು ಜಾನ್ಸನ್ನನ ಹಲವು ಅರ್ಥವಿವರಣೆಗಳನ್ನು ಬದಲಿಸಲು ಮನಸ್ಸು ಬಾರದೆ ಆತನ ಹೆಸರಿನ ಮೊದಲಕ್ಷರದ ಗುರುತಿನೊಡನೆ ಹಾಗೆಯೇ ಉಳಿಸಿಕೊಂಡರು. ಗ್ರಂಥವನ್ನು ಮೀರಿಸುವ ಗ್ರಂಥ ಬರುತ್ತದೆ. ಆದರೆ ಒಂದು ಅಕ್ಷರವನ್ನು ಸರಿಯಾಗಿ ಬರೆಯುವುದಕ್ಕಾಗಿ ಅದರ ಬೇರಿನವರೆಗೂ ಹೋದ ಶ್ರದ್ಧೆಯನ್ನು, ತಪ್ಪಾದಾಗ ತಪ್ಪೆಂದು ಒಪ್ಪಿಕೊಂಡ ಪ್ರಾಮಾಣಿಕತೆಯನ್ನು ಯಾವುದೂ ಬದಿಗಿರಿಸಲಾರದು.